ರಾಜಿಯಾದ ಪ್ರಕರಣಗಳ ಲೆಕ್ಕ ಮತ್ತು ಮಧ್ಯಸ್ಥಿಕೆಯ ಗುಣಮಟ್ಟ

ವಿಚ್ಛೇದನ ಪ್ರಕರಣಗಳಲ್ಲಿ ಮಧ್ಯಸ್ಥಿಕೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳ ಪ್ರಕರಣವನ್ನು ನ್ಯಾಯಾಲಯ ಮಧ್ಯಸ್ಥಿಕೆಗೆ ಕಳಿಸಿದಾಗ, ಎರಡನೆಯ ಭೇಟಿಯಲ್ಲೇ ಮಧ್ಯಸ್ಥಗಾರರು "ಮಗುವಿನ ಮುಖ ನೋಡಿ ಹೊಂದಿಕೊಂಡು ಹೋಗಮ್ಮ" ಎಂದರಂತೆ. "ರಾಜಿಯಾದ ಪ್ರಕರಣಗಳ ಪ್ರಮಾಣವನ್ನು ನೀವು ಹೊಗಳಿದ್ದೀರಿ. ಅವುಗಳಲ್ಲಿ ಎಷ್ಟು ಇಂಥ ಮಾತಿನಿಂದ ಆದವು ಎಂದು ವಿಚಾರಿಸಿದಿರಾ?" ಎಂಬುದು ಅವರ ಪ್ರಶ್ನೆ.

ನಾವು ವಿಚಾರಿಸಲಿಲ್ಲ, ವಿಚಾರಿಸಬೇಕಿತ್ತು. ಆ ಲೋಪವನ್ನು ಒಪ್ಪಿಕೊಂಡೇ ಈ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಮಗಳಿಗೆ ಹೇಳಿದ ಮಾತು ಮಧ್ಯಸ್ಥಿಕೆಯಲ್ಲ, ಹಿರಿಯರ ಪಂಚಾಯಿತಿ. ಎರಡೂ ಕಲಸಿಹೋಗುವುದಕ್ಕೆ ಕಾರಣವಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮು ಇತ್ಯರ್ಥಕ್ಕಾಗಿ ಪಕ್ಷಗಾರರ ಮನವೊಲಿಸುವ ಹೊಣೆಯನ್ನು ನ್ಯಾಯಾಲಯಕ್ಕೇ ಕೊಟ್ಟಿದೆ. ಪ್ರಕರಣವನ್ನು ವಿಚಾರಣೆಯ ಹೊರಗೆ ಇತ್ಯರ್ಥಕ್ಕೆ ಕಳಿಸಲು ನ್ಯಾಯಾಲಯಕ್ಕೆ ದಾರಿ ಮಾಡಿಕೊಟ್ಟ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರಲ್ಲಿ ಜಾರಿಗೆ ಬಂದು, 2007ರಲ್ಲಿ ಬೆಂಗಳೂರು ಮಧ್ಯಸ್ಥಿಕಾ ಕೇಂದ್ರ ಆರಂಭವಾದಾಗ ಕಾಲಿಟ್ಟ ಪದ್ಧತಿ ಬೇರೆಯದು. ಅಲ್ಲಿ ಮಧ್ಯಸ್ಥಗಾರರು ತೀರ್ಪು ಕೊಡುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಇಬ್ಬರೂ ತಮಗೆ ಬೇಕಾದುದನ್ನು ತಾವೇ ಹೇಳಿಕೊಳ್ಳುವಂತೆ, ಕೇಳಿಸಿಕೊಳ್ಳುವಂತೆ ದಾರಿ ಮಾಡಿಕೊಡುವುದಷ್ಟೇ ಅವರ ಕೆಲಸ. ಇದಕ್ಕಾಗಿ ಅವರಿಗೆ 40 ಗಂಟೆಗಳ ತರಬೇತಿ ಇದೆ. ವರ್ಷಗಟ್ಟಲೆ ವಾದಿಸಿಯೋ ತೀರ್ಪು ಬರೆದೋ ರೂಢಿಯಾದವರಿಗೆ ಸುಮ್ಮನೆ ಕೇಳುವುದನ್ನು ಕಲಿಸಲು ಅಷ್ಟು ಗಂಟೆಗಳು ಸಾಲವು ಎಂಬುದು ನನ್ನ ಅಭಿಪ್ರಾಯ. ದಂಪತಿ ಮತ್ತೆ ಒಂದಾದರೆ ಮಾತ್ರ ಯಶಸ್ಸು ಎಂದು ಮನಸ್ಸಿನಲ್ಲಿಟ್ಟುಕೊಂಡವರು ಒತ್ತಡ ಹೇರದೆ ಇರಲಾರರು. ಜೀವನಾಂಶ, ಮಗುವಿನ ಪಾಲನೆ, ಭೇಟಿಯ ದಿನಗಳು ಎಲ್ಲವನ್ನೂ ಮಾತಾಡಿಕೊಂಡು ಗೌರವದಿಂದ ಬೇರೆಯಾಗುವುದೂ ಮಧ್ಯಸ್ಥಿಕೆಯ ಫಲವೇ.

ಹಾಗಾದರೆ ಗುಣಮಟ್ಟವನ್ನು ಅಳೆಯುವುದು ಹೇಗೆ? ಇದಕ್ಕೆ ನಾನು ಕಂಡ ಒಳ್ಳೆಯ ಉದಾಹರಣೆ ಅಮೆರಿಕದ ವರ್ಜೀನಿಯಾ ರಾಜ್ಯದ್ದು. ಮನಶ್ಶಾಸ್ತ್ರಜ್ಞ ರಾಬರ್ಟ್ ಎಮೆರಿ 1980ರ ದಶಕದಲ್ಲಿ, ಮಕ್ಕಳ ಪಾಲನೆಗಾಗಿ ನ್ಯಾಯಾಲಯಕ್ಕೆ ಬಂದ ಕುಟುಂಬಗಳಲ್ಲಿ ಕೆಲವನ್ನು ಮಧ್ಯಸ್ಥಿಕೆಗೂ ಉಳಿದವನ್ನು ಮಾಮೂಲಿ ವಿಚಾರಣೆಗೂ ಚೀಟಿ ಎತ್ತಿದಂತೆ ಹಂಚಿ, 12 ವರ್ಷಗಳ ನಂತರ ಮತ್ತೆ ಹುಡುಕಿಕೊಂಡು ಹೋದರು. ಮಗುವಿನ ಜೊತೆ ವಾಸಿಸದ ಪೋಷಕರಲ್ಲಿ ವಾರಕ್ಕೊಮ್ಮೆಯಾದರೂ ಮಗುವನ್ನು ಕಾಣುತ್ತಿದ್ದವರು ವಿಚಾರಣೆಯ ಗುಂಪಿನಲ್ಲಿ ಶೇ 9ರಷ್ಟಿದ್ದರೆ, ಮಧ್ಯಸ್ಥಿಕೆಯ ಗುಂಪಿನಲ್ಲಿ ಸುಮಾರು ಶೇ 30ರಷ್ಟಿದ್ದರು. ಮಧ್ಯಸ್ಥಿಕೆ ನಡೆದದ್ದು ಸರಾಸರಿ ಐದಾರು ಗಂಟೆ ಮಾತ್ರ. ಕುಟುಂಬಗಳ ಸಂಖ್ಯೆ ಚಿಕ್ಕದು, ಸಮಾಜವೂ ಬೇರೆ, ಆದ್ದರಿಂದ ಅಂಕಿಗಳನ್ನು ನಮ್ಮಲ್ಲಿಗೆ ಹಾಗೇ ತರಲಾಗದು. ಆದರೆ ಪ್ರಶ್ನೆಯನ್ನು ತರಬಹುದು. ಒಪ್ಪಂದಕ್ಕೆ ಸಹಿ ಬಿತ್ತೇ ಎಂದು ಕೇಳಿ ನಿಲ್ಲಿಸದೆ, ಆ ಮಗು ಈಗ ಅಪ್ಪನನ್ನು ನೋಡುತ್ತಿದೆಯೇ ಎಂದು ಕೇಳಿದ ಅಧ್ಯಯನ ಅದು. ಅದೇ ಅಧ್ಯಯನದಲ್ಲಿ ಮಧ್ಯಸ್ಥಿಕೆಯಿಂದ ತಂದೆಯಂದಿರಿಗೆ ಆದಷ್ಟು ಸಮಾಧಾನ ತಾಯಂದಿರಿಗೆ ಆಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಒಟ್ಟು ಸರಾಸರಿಯನ್ನಷ್ಟೇ ಬರೆದಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಮಧ್ಯಸ್ಥಿಕೆ ಗೌಪ್ಯವಾದದ್ದು, ಅದನ್ನು ಮೌಲ್ಯಮಾಪನ ಮಾಡುವುದು ಹೇಗೆ ಎಂಬ ಆಕ್ಷೇಪ ಬರುತ್ತದೆ. ಗೌಪ್ಯತೆ ಇರಲೇಬೇಕು. ಮಧ್ಯಸ್ಥಿಕೆ ಫಲಿಸದಿದ್ದರೆ ಆ ಒಂದು ಸಂಗತಿಯನ್ನಷ್ಟೇ ನ್ಯಾಯಾಲಯಕ್ಕೆ ತಿಳಿಸಬೇಕು, ಒಳಗೆ ಆಡಿದ ಮಾತನ್ನಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲೇ ಹೇಳಿದೆ. ಆದರೆ ಯಾರ ಗುಟ್ಟನ್ನೂ ಬಯಲು ಮಾಡದೆ ಪಕ್ಷಗಾರರನ್ನು ಕೇಳಬಹುದಾದ ಪ್ರಶ್ನೆಗಳಿವೆ: ಮಾತಾಡಲು ನಿಮಗೆ ಸಮಯ ಸಿಕ್ಕಿತೇ, ಒಲ್ಲೆ ಎನ್ನಬಹುದೆಂದು ತಿಳಿಸಿದರೇ, ಒಪ್ಪಂದ ನಿಮಗೆ ಅರ್ಥವಾಗುವ ಭಾಷೆಯಲ್ಲಿತ್ತೇ, ವರ್ಷದ ನಂತರವೂ ಅದು ನಡೆಯುತ್ತಿದೆಯೇ. ಪ್ರತಿ ಕೇಂದ್ರವೂ ಇವನ್ನು ಕೇಳಿ, ಬಂದ ಉತ್ತರಗಳನ್ನು ಹೆಸರಿಲ್ಲದೆ ಪ್ರಕಟಿಸಬೇಕು.

ಮಗಳ ಮೇಲೆ ಕೈ ಮಾಡಿದ್ದನ್ನು ಕೊಠಡಿಯಲ್ಲಿ ಹೇಳಲಾಗಲಿಲ್ಲ ಎಂದೂ ನೀವು ಬರೆದಿದ್ದೀರಿ. ನನ್ನನ್ನು ಹೆಚ್ಚು ಕಾಡಿದ ಸಾಲು ಇದೇ. ದೌರ್ಜನ್ಯವಿದೆಯೇ ಎಂದು ಇಬ್ಬರನ್ನೂ ಎದುರುಬದುರು ಕೂರಿಸುವ ಮೊದಲೇ, ಬೇರೆಬೇರೆಯಾಗಿ ವಿಚಾರಿಸದ ಮಧ್ಯಸ್ಥಿಕೆಯನ್ನು ವೃತ್ತಿಪರ ಎನ್ನಲಾಗದು. ಹೆದರಿದವರ ಒಪ್ಪಿಗೆ ಒಪ್ಪಿಗೆಯಲ್ಲ. ಕ್ರೌರ್ಯದ ಪ್ರಕರಣಗಳನ್ನು ಮಧ್ಯಸ್ಥಿಕೆಗೆ ಕಳಿಸಬಹುದೆಂದ 2013ರ ತೀರ್ಪಿನಲ್ಲೂ, ತಪ್ಪಿತಸ್ಥ ಸಂಗಾತಿ ಅದನ್ನು ಕಾನೂನಿನಿಂದ ನುಣುಚಿಕೊಳ್ಳುವ ದಾರಿ ಮಾಡಿಕೊಳ್ಳದಂತೆ ಎಚ್ಚರ ವಹಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಈಗ ಏನು ಮಾಡಬೇಕೆಂದು ಕೇಳಿದ್ದೀರಿ. ಒಪ್ಪಂದಕ್ಕೆ ಇನ್ನೂ ಸಹಿಯಾಗಿಲ್ಲವಾದ್ದರಿಂದ, ಮಗಳು ತನ್ನ ವಕೀಲರ ಮೂಲಕ ಮಧ್ಯಸ್ಥಗಾರರನ್ನು ಬದಲಿಸುವಂತೆ ಕೋರಬಹುದು, ಪ್ರತ್ಯೇಕ ಭೇಟಿ ಬೇಕೆಂದು ಕೇಳಬಹುದು, ಮಧ್ಯಸ್ಥಿಕೆಯೇ ಬೇಡವೆಂದು ಹಿಂದೆ ಸರಿಯಲೂಬಹುದು. ಹಾಗೆ ಸರಿದರೆ ಪ್ರಕರಣ ನ್ಯಾಯಾಲಯಕ್ಕೆ ಮರಳಿ ವಿಚಾರಣೆ ಮುಂದುವರಿಯುತ್ತದೆ. ಮುಂದಿನ ದಿನಾಂಕಕ್ಕೆ ಮೊದಲು ಇದನ್ನು ಮಗಳ ಜೊತೆ ಕುಳಿತು ಓದಿ. ನಿರ್ಧಾರವನ್ನು ಅವರಿಗೇ ಬಿಡಿ.

— ಸಂಪಾದಕ