ಟೆಂಟ್ ಹೇರಿಕೊಂಡು ಹಾರ್ಟ್‌ಸೈಡ್ ಹತ್ತುವುದು
ಜುಲೈನಲ್ಲಿ ಗಂಡ ಹೆಂಡತಿ ಇಬ್ಬರೇ, ಟೆಂಟ್ ಸಮೇತ, ಉತ್ತರ ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ವೈಟ್‌ಹೇವನ್‌ನಿಂದ ಪೂರ್ವ ಕರಾವಳಿಯ ಟೈನ್‌ಮತ್‌ವರೆಗೆ ಮೂರು ದಿನದಲ್ಲಿ ಸೈಕಲ್ ತುಳಿಯಬಹುದಾ ಅಂತ ಕೇಳಿದ್ದೀರಿ. ಐದು ದಿನ ಇಟ್ಟುಕೊಳ್ಳಿ. ದೂರ ಸುಮಾರು 225 ಕಿ.ಮೀ. ಅಷ್ಟೇ, ಸುಸ್ತು ಮಾಡುವುದು ಏರು. ದಾರಿಯಲ್ಲಿ ಸಿಗುವ ಹಾರ್ಟ್‌ಸೈಡ್ ಘಾಟಿಯ ನೆತ್ತಿಯೇ 580 ಮೀಟರ್ ಎತ್ತರ. ಅಲ್ಲಿ ನನ್ನವಳು ಅರ್ಧಕ್ಕೇ ಇಳಿದು ಸೈಕಲ್ ತಳ್ಳಿದಳು. ನಾನು ಜಂಬಕ್ಕೆ ತುಳಿದೆ, ಏದುಸಿರು ಬಿಡುತ್ತಾ ನಾಲ್ಕು ಸಲ ನಿಂತೆ. ಮೇಲೆ ತಲುಪಿದ್ದು ಇಬ್ಬರೂ ಒಟ್ಟಿಗೇ!

ಪಶ್ಚಿಮದಿಂದಲೇ ಹೊರಡಿ, ಗಾಳಿ ಸಾಮಾನ್ಯವಾಗಿ ಬೆನ್ನಿಗಿರುತ್ತದೆ. ಆ ದಾರಿಯಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಜಮೀನಿನವರ ಒಪ್ಪಿಗೆ ಬೇಕು. ಸುಮ್ನೆ ಕ್ಯಾಂಪ್‌ಸೈಟ್ ಹಿಡಿಯಿರಿ. ಬೆಳಕು ರಾತ್ರಿ ಹತ್ತರ ತನಕ ಇರುತ್ತದೆ, ಅವಸರ ಬೇಡ. ಟೆಂಟಿನ ಬಟ್ಟೆ ಒಬ್ಬರ ಸೈಕಲ್ಲಿಗೆ, ಕಂಬಿ, ಸ್ಟವ್ ಇನ್ನೊಬ್ಬರದಕ್ಕೆ. ಮಳೆಯಲ್ಲಿ ನೆನೆದರೆ ಬಟ್ಟೆಯದೇ ಭಾರ ಜಾಸ್ತಿ, ಅದನ್ನು ನೀವೇ ಹೊರಿ.