ಲ್ಯಾಪ್‌ಲ್ಯಾಂಡಿನ ಸ್ಪಾ ಹೋಟೆಲಿನಲ್ಲಿ ನಾಲ್ಕು ದಿನ ಸುಮ್ನೆ ಇರೋದು: ಬೋರ್ ಆಗುತ್ತಾ?

ಮಾರ್ಚ್‌ನಲ್ಲಿ ಕೆಲಸದ ಮೇಲೆ ಹೆಲ್ಸಿಂಕಿಗೆ ಬರುತ್ತೀರಿ, ಹೆಂಡತಿಯೂ ಜೊತೆಗಿರುತ್ತಾರೆ, ಕೊನೆಗೆ ನಾಲ್ಕು ದಿನ ಕೈಯಲ್ಲಿ ಉಳಿಯುತ್ತದೆ ಎಂದು ಬರೆದಿದ್ದೀರಿ. ಫಿನ್‌ಲ್ಯಾಂಡಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿಗೆ ಅಷ್ಟು ದೂರ ಹೋಗಿ ಒಂದು ಸ್ಪಾ ಹೋಟೆಲಿನಲ್ಲಿ ಸುಮ್ನೆ ಇದ್ದು ಬಂದರೆ ಬೋರ್ ಆಗುತ್ತಾ, ಹೆಂಡತಿಗೆ ಬಿಪಿ ಇದೆ, ಸೌನಾದಲ್ಲಿ (ಇಲ್ಲಿನ ಬಿಸಿ ಹಬೆಯ ಕೋಣೆ) ಕೂರಬಹುದಾ ಎಂಬುದು ನಿಮ್ಮ ಪ್ರಶ್ನೆ.

ಹೋಗಿ. ಆದರೆ ಉಳಿಯುವ ಜಾಗ ಬಿಟ್ಟು ಅಲ್ಲಿ ಬೇರೆ ಏನೂ ಬುಕ್ ಮಾಡಬೇಡಿ.

ನಾನು ಹೆಲ್ಸಿಂಕಿ ಪಕ್ಕದ ಎಸ್ಪೂದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಲ್ಯಾಪ್‌ಲ್ಯಾಂಡಿನ ಸಾರಿಸೆಲ್ಕಾ ಎಂಬ ಊರಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಡಿಸೆಂಬರಿನಲ್ಲಿ, ಗೆಳತಿಯರ ಜೊತೆ. ಹಸ್ಕಿ ನಾಯಿಗಳ ಗಾಡಿ, ಹಿಮಸಾರಂಗದ ಫಾರ್ಮ್, ಸ್ನೋಮೊಬೈಲ್, ರಾತ್ರಿ ಅರೋರಾ (ಉತ್ತರದ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ನೋಡುವ ಬಸ್ಸು, ಎಲ್ಲ ಮಾಡಿದೆವು. ಡಿಸೆಂಬರ್ ಮೊದಲ ವಾರದಿಂದ ಜನವರಿ ಹತ್ತರ ಸುಮಾರಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ, ಇಲ್ಲಿನ ಜನ ಅದಕ್ಕೆ ಕಾಮೋಸ್ ಅನ್ನುತ್ತಾರೆ. ನಡುಹಗಲಲ್ಲಿ ಕೆಲವು ಗಂಟೆ ನೀಲಿ ಬೆಳಕು ಬರುತ್ತದೆ, ತುಂಬಾ ಚೆಂದ. ಆದರೆ ಕತ್ತಲು, ಚಳಿ, ಬಸ್ಸು ಹತ್ತುವುದು ಇಳಿಯುವುದು ಸೇರಿ ಸಾಕಾಗಿ ಹೋಯಿತು. ಮೋಡ ಇದ್ದುದರಿಂದ ಅರೋರಾ ಕೂಡ ಕಾಣಲಿಲ್ಲ.

ಎರಡನೇ ಸಲ ಅಮ್ಮನ ಜೊತೆ ಹೋದೆ, ನಿಮ್ಮ ಹಾಗೆ ಮಾರ್ಚ್‌ನಲ್ಲೇ. ಅಮ್ಮ ತೀರ್ಥಹಳ್ಳಿ ಕಡೆಯವರು, ಆಗ 64 ವರ್ಷ. ಹಿಮದ ಗಾಡಿ ಗೀಡಿ ನಂಗೆ ಬೇಡ, ಬಿಸಿನೀರು ಇದ್ದರೆ ಸಾಕು ಅಂದಿದ್ದರು. ಹಾಗಾಗಿ ಹೋಟೆಲ್ ಕೋಣೆ ಬಿಟ್ಟು, ಪಕ್ಕದಲ್ಲೇ ಕಟ್ಟಿಗೆ ಸೌನಾ ಇರುವ ಒಂದು ಮರದ ಮನೆ ತೆಗೆದುಕೊಂಡೆ. ಸ್ಪಾ, ಈಜುಕೊಳ, ಬೆಳಗಿನ ತಿಂಡಿ ಎಲ್ಲ ಹೋಟೆಲಿನಲ್ಲಿ, ಮಲಗೋದು ಮಾತ್ರ ಮರದ ಮನೆಯಲ್ಲಿ. ನಿಮಗೂ ಇದನ್ನೇ ಹೇಳುತ್ತೇನೆ. ಹೋಟೆಲಿನ ಒಳಗಿನ ಸೌನಾಗಳು ಸಾಮಾನ್ಯವಾಗಿ ಕರೆಂಟಿನವು. ಬಿಸಿ ಬರುತ್ತದೆ, ಆದರೆ ಬೆಂಕಿ ಇರಲ್ಲ, ಹೊಗೆಯ ವಾಸನೆ ಇರಲ್ಲ.

ಮೊದಲ ಸಂಜೆ ನಾನು ಒಲೆಗೆ ಬರ್ಚ್ ಕಟ್ಟಿಗೆ ಹಾಕಿ ಹಚ್ಚುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು, 'ಇದು ನಮ್ಮ ಬಚ್ಚಲುಮನೆ ಕಣೇ' ಅಂದರು. ಅಜ್ಜಿಮನೆಯಲ್ಲಿ ಅಡಿಕೆ ಸಿಪ್ಪೆ ಉರಿಸಿ ಹಂಡೆ ಕಾಯಿಸುತ್ತಿದ್ದರು, ಗೋಡೆಯೆಲ್ಲ ಕಪ್ಪು, ಮಳೆಗಾಲದಲ್ಲಿ ಮನೆಯಲ್ಲಿ ಬೆಚ್ಚಗಿನ ಜಾಗ ಅಂದರೆ ಅದೊಂದೇ. ಇಲ್ಲಿ ಹಂಡೆಯ ಬದಲು ಒಲೆಯ ಮೇಲೆ ಕಲ್ಲುಗಳ ರಾಶಿ. ಈ ಒಲೆಗೆ ಕಿಯುವಾಸ್ ಅನ್ನುತ್ತಾರೆ. ಕಲ್ಲು ಚೆನ್ನಾಗಿ ಕಾದ ಮೇಲೆ ಮರದ ಸೌಟಿನಲ್ಲಿ ನೀರು ಹಾಕಬೇಕು, ಚುಂಯ್ ಅಂತ ಸದ್ದು ಬಂದು ಒಂದು ಕ್ಷಣ ಬಿಟ್ಟು ಬಿಸಿ ಅಲೆ ಬೆನ್ನ ಮೇಲೆ ಇಳಿಯುತ್ತದೆ. ಆ ಹಬೆಗೆ ಲೋಯ್ಲು ಎಂದು ಹೆಸರು. ಹಿಂದೆ ಆ ಪದಕ್ಕೆ ಉಸಿರು, ಜೀವ ಎಂಬ ಅರ್ಥ ಇತ್ತಂತೆ.

ಹಿಂದಿನ ಕಾಲದಲ್ಲಿ ಫಿನ್ನಿಷ್ ಹೆಂಗಸರಿಗೆ ಹೆರಿಗೆ ಆಗುತ್ತಿದ್ದುದೇ ಸೌನಾದಲ್ಲಿ, ಸತ್ತವರನ್ನು ತೊಳೆಯುತ್ತಿದ್ದುದೂ ಅಲ್ಲೇ ಎಂದು ಹೇಳಿದೆ. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ಬಿಸಿನೀರು, ಬೆಂಕಿ, ಬಾಗಿಲು ಹಾಕಿದರೆ ಗಾಳಿ ಬರದ ಜಾಗ ಇನ್ನೆಲ್ಲಿರುತ್ತೆ ಅಂದರು. ಆಮೇಲೆ ನಾನು ಹುಟ್ಟಿದಾಗ ಅಜ್ಜಿ ನಲವತ್ತು ದಿನ ಅವರಿಗೆ ಎರೆದ ಬಾಣಂತಿ ನೀರಿನ ಕಥೆ ಶುರುವಾಯಿತು. ಬೆನ್ನಿಗೆ ಎಷ್ಟು ಚೊಂಬು, ಹೊಟ್ಟೆಗೆ ಎಷ್ಟು, ಅಜ್ಜಿ ಬಾಯಿಬಿಟ್ಟು ಏನೂ ಹೇಳದೆ ಹೇಗೆ ನೀರು ಹೊಯ್ಯುತ್ತಿದ್ದರು, ಎಲ್ಲ. ಮೂವತ್ತೈದು ವರ್ಷದಲ್ಲಿ ನಾನು ಅದನ್ನು ಕೇಳಿರಲಿಲ್ಲ. ಕತ್ತಲಲ್ಲಿ ಅಕ್ಕಪಕ್ಕ ಕೂತು, ಮುಖ ನೋಡದೆ ಮಾತಾಡುವಾಗ ಬರುವ ಮಾತೇ ಬೇರೆ ಅಲ್ವಾ. ನಾಲ್ಕು ದಿನ ಹೇಗೆ ಕಳೆಯುತ್ತೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದು.

ಹಗಲಲ್ಲಿ ನಡೆದಾಡಿ. ಊರಿಗೆ ಅಂಟಿಕೊಂಡೇ ಉರ್ಹೋ ಕೆಕ್ಕೋನೆನ್ ರಾಷ್ಟ್ರೀಯ ಉದ್ಯಾನ ಇದೆ, ಸುಮಾರು 2,550 ಚದರ ಕಿಲೋಮೀಟರ್. ಕೌನಿಸ್‌ಪಾ ಬೆಟ್ಟ ಬರೀ 438 ಮೀಟರ್, ಆದರೆ ಅಷ್ಟು ಉತ್ತರದಲ್ಲಿ ಮರಗಳು ಬೇಗ ಮುಗಿದುಹೋಗುವುದರಿಂದ ಮೇಲಿನಿಂದ ಎಲ್ಲ ದಿಕ್ಕಿಗೂ ಬಿಳಿ ಬೋಳು ಗುಡ್ಡಗಳೇ ಕಾಣುತ್ತವೆ. ಮಾರ್ಚ್ ಕೊನೆಗೆ ಹಗಲು ಹನ್ನೆರಡು ಗಂಟೆ ದಾಟುತ್ತದೆ, ಹಿಮ ಇನ್ನೂ ದಪ್ಪ ಇರುತ್ತದೆ, ರಾತ್ರಿ ಕತ್ತಲೂ ಬೇಕಾದಷ್ಟು ಇರುತ್ತದೆ. ಆಕಾಶ ತಿಳಿಯಾಗಿದ್ದರೆ ಸೌನಾದಿಂದ ಹೊರಗೆ ಬಂದು ನಿಂತಾಗ ಅರೋರಾ ಅದಾಗೇ ಕಾಣಬಹುದು. ನಮಗೆ ಮೂರನೇ ರಾತ್ರಿ ಹಾಗೇ ಕಂಡಿತು, ಅಮ್ಮ ಟವೆಲ್ ಮೇಲೆ ನನ್ನ ಕೋಟು ಹಾಕಿಕೊಂಡು ನಿಂತಿದ್ದರು. ಮಾರ್ಚ್ ಮೊದಲ ವಾರಗಳಲ್ಲಿ ಶಾಲೆಗಳ ಸ್ಕೀ ರಜೆ ಇರುತ್ತದೆ, ಜನ ಜಾಸ್ತಿ. ಆದಷ್ಟು ತಿಂಗಳ ಕೊನೆಗೆ ಇಟ್ಟುಕೊಳ್ಳಿ.

ಈಗ ಬಿಪಿ ವಿಷಯ. ಪೂರ್ವ ಫಿನ್‌ಲ್ಯಾಂಡಿನ 2,300ಕ್ಕೂ ಜಾಸ್ತಿ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಬಂತು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾ ಮಾಡುವವರಲ್ಲಿ ಹೃದಯದ ಸಾವುಗಳು ಕಡಿಮೆ ಇದ್ದವು. ಆದರೆ ಅವರು ಜೀವನವಿಡೀ ಸೌನಾದಲ್ಲೇ ಬೆಳೆದವರು. ನಾಲ್ಕು ದಿನಕ್ಕೆ ಹೋಗುವ ನಾವು ಅದನ್ನು ನಮಗೆ ಅನ್ವಯಿಸಿಕೊಳ್ಳಬಾರದು. ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದರೆ ಹೊರಡುವ ಮೊದಲೇ ಅವರ ಡಾಕ್ಟರನ್ನು ಕೇಳಿ, ಸೌನಾದ ಬಗ್ಗೆ ಒಂದು, ಐಸಿನಲ್ಲಿ ತೂತು ಕೊರೆದು ಅದರಲ್ಲಿ ಮುಳುಗುವ ಅವಂತೋ ಬಗ್ಗೆ ಇನ್ನೊಂದು, ಎರಡನ್ನೂ ಬೇರೆಬೇರೆಯಾಗಿ ಕೇಳಿ. ತಣ್ಣೀರಿಗೆ ಇಳಿದ ಕೂಡಲೇ ಬಿಪಿ ಒಮ್ಮೆಲೇ ಏರುತ್ತದೆ. ನನ್ನ ಅಮ್ಮ ಅವಂತೋ ಕಡೆ ಹೋಗಲೇ ಇಲ್ಲ, ಮೆಟ್ಟಿಲ ಮೇಲೆ ಐದು ನಿಮಿಷ ಗಾಳಿಗೆ ಕೂತರೆ ಸಾಕಿತ್ತು. ಹೆಂಡತಿಯನ್ನು ಕೆಳಗಿನ ಹಲಗೆಯಲ್ಲಿ ಕೂರಿಸಿ, ಮೇಲೆ ಹೋದಷ್ಟೂ ಬಿಸಿ ಜಾಸ್ತಿ. ಮೊದಲು ಐದಾರು ನಿಮಿಷ ಸಾಕು. ನೀರು ಕುಡಿಯಬೇಕು, ಬಿಯರ್ ಬೇಡ, ಏಳುವಾಗ ನಿಧಾನ. ತಲೆ ಹಗುರ ಅನಿಸಿದರೆ ಮರುಮಾತಿಲ್ಲದೆ ಹೊರಗೆ.

ಹೋಟೆಲಿನ ಸೌನಾಕ್ಕೆ ಹೋದರೆ ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಇರುತ್ತದೆ, ಒಳಗೆ ಎಲ್ಲರೂ ಬಟ್ಟೆ ಇಲ್ಲದೆ ಕೂರುತ್ತಾರೆ. ನಮಗೆ ಮೊದಲಿಗೆ ಸಂಕೋಚ ಆಗುತ್ತದೆ, ಸಹಜ. ಟವೆಲ್ ಸುತ್ತಿಕೊಂಡು ಕೂರಬಹುದು, ಯಾರೂ ತಿರುಗಿ ನೋಡಲ್ಲ. ಕೊಳಕ್ಕೆ ಮಾತ್ರ ಈಜುಡುಗೆ ಬೇಕೇ ಬೇಕು, ಅದಕ್ಕೂ ಮೊದಲು ಸೋಪು ಹಚ್ಚಿ ಸ್ನಾನ ಮಾಡಿರಬೇಕು.

ಊಟ ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ರಾತ್ರಿ ಎಲ್ಲ ಕಡೆ ಹಿಮಸಾರಂಗ, ಸಾಲ್ಮನ್. ಮರದ ಮನೆ ತೆಗೆದುಕೊಂಡರೆ ಅಡುಗೆಮನೆ ಸಿಗುತ್ತದೆ, ನಾವು ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಒಯ್ದಿದ್ದೆವು. ಲೆಯ್ಪಾಯೂಸ್ತೋ ಎಂಬ ಸುಟ್ಟ ಚೀಸನ್ನು ಹಳದಿ ಹಿಲ್ಲಾ ಹಣ್ಣಿನ ಜಾಮ್ ಜೊತೆ ಕೊಡುತ್ತಾರೆ, ತಪ್ಪಿಸಬೇಡಿ.

ಹೆಲ್ಸಿಂಕಿಯಿಂದ ಹತ್ತಿರದ ವಿಮಾನ ನಿಲ್ದಾಣ ಇವಾಲೋಗೆ ಒಂದೂವರೆ ಗಂಟೆಯ ವಿಮಾನ, ಅಲ್ಲಿಂದ ಸಾರಿಸೆಲ್ಕಾಗೆ ಬಸ್ಸಿನಲ್ಲಿ ಅರ್ಧ ಗಂಟೆ. ರಾತ್ರಿ ರೈಲಿನಲ್ಲಿ ರೊವಾನಿಯೆಮಿಗೆ ಹೋಗಿ ಬಸ್ಸು ಹಿಡಿಯಲೂಬಹುದು, ಆದರೆ ನಾಲ್ಕೇ ದಿನ ಇರುವಾಗ ವಿಮಾನವೇ ಸರಿ. ಕಟ್ಟಿಗೆ ಸೌನಾ ಇರುವ ಮನೆಗಳು ಬೇಗ ಹೋಗಿಬಿಡುತ್ತವೆ, ವೀಸಾ ಕೈಗೆ ಬಂದ ಕೂಡಲೇ ನೋಡಿ. ಒಲೆ ಹಚ್ಚುವುದು ಗೊತ್ತಾಗದಿದ್ದರೆ ಇಲ್ಲೇ ಬರೆದು ಕೇಳಿ, ಹೇಳುತ್ತೇನೆ.