ಅಡ್ಡಗಾಳಿಯಲ್ಲಿ ಏರ್‌ಬಸ್ ಸ್ಟಿಕ್ ಹಿಡಿಯುವುದು ಹೇಗೆ?

ಸೆಸ್ನಾದಂಥ ಸಣ್ಣ ತರಬೇತಿ ವಿಮಾನದಲ್ಲಿ ಅಡ್ಡಗಾಳಿ ಬೀಸುತ್ತಿದ್ದರೆ ಕಂಟ್ರೋಲನ್ನು ಗಾಳಿ ಬರುವ ಕಡೆಗೆ ತಿರುಗಿಸಿ ಹಿಡಿದೇ ಇರಬೇಕೆಂದು ಕಲಿತಿದ್ದೀರಿ. ಏರ್‌ಬಸ್ ಎ320ರಲ್ಲೂ ಹಾಗೇ ಮಾಡಬೇಕೇ, ಇಲ್ಲ ಕಂಪ್ಯೂಟರೇ ಎಲ್ಲ ನೋಡಿಕೊಳ್ಳುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಎ320 ಹಾರಿಸುತ್ತೇನೆ, ನಿಮ್ಮಂತೆಯೇ ಸೆಸ್ನಾ 172ರಲ್ಲಿ ಕಲಿತು ಬಂದವಳು. ಹಿಡಿದೇ ಇರಬಾರದು, ಕಂಪ್ಯೂಟರಿಗೆ ಬಿಟ್ಟುಬಿಡುವಂತೆಯೂ ಇಲ್ಲ.

ಸೆಸ್ನಾದಲ್ಲಿ ನಿಮ್ಮ ಕೈಯಿಂದ ಏಲರಾನ್‌ವರೆಗೆ, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಿಂಬದಿಯ ಪಟ್ಟಿಯವರೆಗೆ, ಕೇಬಲ್ ಇದೆ. ನೀವು ಎಷ್ಟು ತಿರುಗಿಸಿದಿರೋ ಏಲರಾನ್ ಅಷ್ಟು ಏಳುತ್ತದೆ. ಎ320ರಲ್ಲಿ ಸೈಡ್‌ಸ್ಟಿಕ್ಕನ್ನು (ಪೈಲಟ್ ಪಕ್ಕದಲ್ಲಿರುವ ಸಣ್ಣ ಹಿಡಿಕೆ) ಪಕ್ಕಕ್ಕೆ ಒತ್ತಿದರೆ "ಸೆಕೆಂಡಿಗೆ ಇಷ್ಟು ಡಿಗ್ರಿಯಂತೆ ವಾಲುತ್ತಾ ಹೋಗು" ಎಂದು ವಿಮಾನಕ್ಕೆ ಹೇಳಿದಂತೆ. ಪೂರ್ತಿ ಒತ್ತಿದರೆ ಸೆಕೆಂಡಿಗೆ 15 ಡಿಗ್ರಿ. ಬಿಟ್ಟ ಕೂಡಲೇ ಆ ಹೊತ್ತಿಗೆ ಎಷ್ಟು ವಾಲಿತ್ತೋ ಅಷ್ಟರಲ್ಲೇ ನಿಲ್ಲುತ್ತದೆ; 33 ಡಿಗ್ರಿವರೆಗೆ ಹೀಗೆ ನಿಲ್ಲುತ್ತದೆ. ಗಾಳಿ ರೆಕ್ಕೆಯನ್ನು ಎತ್ತಿದರೆ ಅದನ್ನು ಹಿಡಿದು ಕೂರಿಸಲು ಏಲರಾನ್, ಸ್ಪಾಯ್ಲರ್ (ರೆಕ್ಕೆಯ ಮೇಲೆ ಏಳುವ ಫಲಕ) ಎಷ್ಟು ಆಡಬೇಕೆಂಬ ಲೆಕ್ಕ ಕಂಪ್ಯೂಟರಿನದು. ಹಾಗಾಗಿ ಸ್ಟಿಕ್ಕನ್ನು ಗಾಳಿಯ ಕಡೆಗೆ ಹಿಡಿದೇ ಇದ್ದರೆ ವಿಮಾನ ವಾಲುತ್ತಲೇ ಹೋಗುತ್ತದೆ.

ಸಿಮ್ಯುಲೇಟರಿನಲ್ಲಿ ಮೊದಲ ಸಲ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ಅಡ್ಡಗಾಳಿ ಕೊಟ್ಟಾಗ ನಾನು ಮಾಡಿದ್ದು ಇದೇ. ಎಡಕ್ಕೆ ಒತ್ತಿದೆ, ಜಾಸ್ತಿ ವಾಲಿತು. ಬಲಕ್ಕೆ ಎಳೆದೆ, ಅತ್ತ ವಾಲಿತು. ಆ ಹೊಯ್ದಾಟದ ಬಹುಪಾಲು ನನ್ನ ಕೈಯಿಂದಲೇ ಆಗುತ್ತಿತ್ತು. ಇನ್‌ಸ್ಟ್ರಕ್ಟರ್ "ಒಂದು ಸೆಕೆಂಡ್ ಕೈ ಸಡಿಲ ಬಿಡಮ್ಮಾ" ಎಂದರು. ಬಿಟ್ಟೆ, ವಿಮಾನದ ಹೊಯ್ದಾಟ ನಿಂತಿತು.

ಇಳಿಯಲು ಬರುವಾಗ ಮಾಡುವುದು, ತುಂಬಿದ ಹೊಳೆ ದಾಟಿಸುವ ಅಂಬಿಗ ದೋಣಿಯ ಮೂತಿಯನ್ನು ಹರಿವಿನ ಎದುರಿಗೆ ಓರೆಯಾಗಿ ಇಟ್ಟುಕೊಳ್ಳುತ್ತಾನಲ್ಲ, ಅದನ್ನೇ. 135 ನಾಟ್ ವೇಗದಲ್ಲಿ 25 ನಾಟ್ ಅಡ್ಡಗಾಳಿ ಇದ್ದರೆ ಮೂತಿ ಸುಮಾರು 10-11 ಡಿಗ್ರಿ ಗಾಳಿಯತ್ತ ಇರುತ್ತದೆ, ರೆಕ್ಕೆಗಳು ಸಮನಾಗಿರುತ್ತವೆ. ಫ್ಲೇರ್ ಮಾಡುವಾಗ, ಅಂದರೆ ನೆಲ ಮುಟ್ಟುವ ಮುನ್ನ ಮೂತಿ ಎತ್ತುವಾಗ, ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂತಿಯನ್ನು ರನ್‌ವೇಗೆ ನೇರ ತರುತ್ತೇವೆ. ಆಗ ಗಾಳಿಯ ಕಡೆಯ ರೆಕ್ಕೆ ಮುಂದೆ ಸರಿದು ಮೇಲೇಳಲು ನೋಡುತ್ತದೆ. ಸ್ಟಿಕ್ಕಿಗೆ ಕೆಲಸ ಬರುವುದು ಇಲ್ಲಿ: ಗಾಳಿಯ ಕಡೆಗೆ ಸಣ್ಣದೊಂದು ಒತ್ತು, ರೆಕ್ಕೆ ಸಮನಾದರೆ ಮತ್ತೆ ಮಧ್ಯಕ್ಕೆ. ಮೂತಿ ಪೂರ್ತಿ ನೇರವಾಗಲೇಬೇಕೆಂದಿಲ್ಲ, 5 ಡಿಗ್ರಿವರೆಗೆ ಓರೆ ಉಳಿದರೂ ಗಾಲಿಗಳು ತಡೆಯುತ್ತವೆ. ರೆಕ್ಕೆ ಮಾತ್ರ 5 ಡಿಗ್ರಿಗಿಂತ ಹೆಚ್ಚು ವಾಲಬಾರದು.

ನೆಲ ಮುಟ್ಟಿದ ಮೇಲಿನ ಮಾತು ಇನ್ನೂ ಮುಖ್ಯ, ಪಠ್ಯ ಓದುವಾಗ ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ. 2008ರ ಮಾರ್ಚ್ 1ರಂದು ಎಮ್ಮಾ ಬಿರುಗಾಳಿಯಲ್ಲಿ ಹ್ಯಾಂಬರ್ಗ್‌ನ ರನ್‌ವೇ 23ರಲ್ಲಿ ಇಳಿಯುತ್ತಿದ್ದ ಎ320 ಒಂದರ ಎಡ ರೆಕ್ಕೆಯ ತುದಿ ನೆಲಕ್ಕೆ ತಾಗಿತು. ಪೈಲಟ್‌ಗಳು ಮತ್ತೆ ಮೇಲೇರಿ, ಗಾಳಿಗೆ ಹೆಚ್ಚು ಎದುರಾಗಿದ್ದ ರನ್‌ವೇ 33ರಲ್ಲಿ ಕ್ಷೇಮವಾಗಿ ಇಳಿಸಿದರು, ಯಾರಿಗೂ ಗಾಯವಾಗಲಿಲ್ಲ. ಎಡ ಗಾಲಿ ನೆಲ ಮುಟ್ಟಿದ್ದರಿಂದ ಕಂಪ್ಯೂಟರ್ ನೆಲದ ನಿಯಮಕ್ಕೆ, ಅಂದರೆ ವಿಮಾನ ನೆಲದ ಮೇಲಿದ್ದಾಗ ಬಳಸುವ ಲೆಕ್ಕಕ್ಕೆ, ಬದಲಾಗಿತ್ತು, ಸ್ಟಿಕ್ಕನ್ನು ಬಲಕ್ಕೆ ಪೂರ್ತಿ ಒತ್ತಿದರೂ ಏಲರಾನ್‌ಗಳಿಂದ ಸುಮಾರು ಅರ್ಧದಷ್ಟೇ ಪರಿಣಾಮ ಸಿಗುತ್ತಿತ್ತು ಎಂಬುದು ಜರ್ಮನ್ ತನಿಖೆಯಲ್ಲಿ ಗೊತ್ತಾಯಿತು. ಗಾಳಿಯಲ್ಲಿ ಕೈಕೊಡದ ವಿಮಾನ ನೆಲ ಮುಟ್ಟಿದ ಕ್ಷಣ ಬೇರೆ ವಿಮಾನವಾಗುತ್ತದೆ. ರೆಕ್ಕೆ ವಾಲಲು ಶುರುವಾದರೆ ತಡಮಾಡದೆ ಗೋ-ಅರೌಂಡ್ ಮಾಡಿ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ) ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಎ320ರಲ್ಲಿ ಇಳಿಯಲು 33 ನಾಟ್, ಬೀಸುಗಾಳಿ ಸೇರಿ 38 ನಾಟ್ ಎಂಬ ಅಂಕಿ ಕೇಳಿರುತ್ತೀರಿ. ಅದು ಪರೀಕ್ಷಾ ಹಾರಾಟದಲ್ಲಿ ಮಾಡಿ ತೋರಿಸಿದ ಗಾಳಿ. ಅದನ್ನು ಮಿತಿಯೆಂದು ತಿಳಿಯಬೇಕೋ ಬೇಡವೋ ಎಂಬುದರಲ್ಲಿ ಪೈಲಟ್‌ಗಳಲ್ಲೇ ಗೊಂದಲವಿದೆಯೆಂದು ಅದೇ ತನಿಖೆ ಹೇಳಿತು. ಆಟೊಲ್ಯಾಂಡಿಗೆ, ಅಂದರೆ ಕಂಪ್ಯೂಟರೇ ವಿಮಾನ ಇಳಿಸುವುದಕ್ಕೆ, 20 ನಾಟ್ ಅಡ್ಡಗಾಳಿಯೇ ಮಿತಿ. ಕಂಪ್ಯೂಟರೇ ನೋಡಿಕೊಳ್ಳುತ್ತದೆಯೇ ಎಂದಿರಲ್ಲ, ಗಾಳಿ ಅದಕ್ಕಿಂತ ಜೋರಾದರೆ ಇಳಿಸುವುದು ಮನುಷ್ಯರ ಕೈಗಳೇ.

ಟೇಕಾಫ್‌ನಲ್ಲೂ ಸ್ಟಿಕ್ಕನ್ನು ಗಾಳಿಯತ್ತ ಜಾಸ್ತಿ ಒತ್ತಬೇಡಿ. ಒತ್ತಿದರೆ ಆ ಕಡೆಯ ಸ್ಪಾಯ್ಲರ್ ಎದ್ದು ಎಳೆತ ಹೆಚ್ಚುತ್ತದೆ, ಮೂತಿ ಇನ್ನಷ್ಟು ಗಾಳಿಯತ್ತ ತಿರುಗುತ್ತದೆ. ನೆಲ ಬಿಡುವಾಗಲೂ ಒತ್ತಿಯೇ ಇದ್ದರೆ ಅದೇ ಒತ್ತು ವಾಲುವ ಆಜ್ಞೆಯಾಗಿಬಿಡುತ್ತದೆ.